ಹೊಳೆಯಾಚೆಗೆ ರಜೆ: ತಪ್ಪು ಕಲ್ಪನೆ ಮತ್ತು ವಾಸ್ತವ

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಸಂಚಾರಕ್ಕೆ ತೆರೆಯಿತು. ಅಲ್ಲಿಂದೀಚೆಗೆ ರಜೆಗೆ ಎಲ್ಲಿಗೆ ಹೋಗೋಣ ಎಂಬ ಮಾತು ಬಂದಾಗಲೆಲ್ಲ ಸಾಗರದ ಹೊಳೆಬಾಗಿಲು, ಸಿಗಂದೂರು, ತುಮರಿ ಎಂಬ ಹೆಸರುಗಳು ಕೇಳಿಬರುತ್ತಿವೆ. ಶರಾವತಿಯ ಹಿನ್ನೀರು, ಸುತ್ತ ಕಾಡು, ದೇವಿಯ ದರ್ಶನ, ಅಕ್ಕಿರೊಟ್ಟಿ ಬಡಿಸುವ ಹೋಂಸ್ಟೇ. ಎರಡು ದಿನಕ್ಕೆ ಇನ್ನೇನು ಬೇಕು ಎಂದು ಹೊರಡುವವರು ಬಹಳ. ಜನ ಬರಲಿ, ಬರಬೇಕು. ಆದರೆ ಅವರ ಜೊತೆಗೆ ವಾಟ್ಸ್‌ಆ್ಯಪಿನಲ್ಲಿ ಸುತ್ತಿ ಬಂದ ಕತೆಗಳೂ ಬರುತ್ತಿವೆ. ಅವುಗಳಲ್ಲಿ ಕೆಲವು ನಿರುಪದ್ರವಿ, ಕೆಲವು ಊರವರ ಮನಸ್ಸು ನೋಯಿಸುವಂಥವು, ಒಂದೆರಡು ಜೀವಕ್ಕೇ ಎರವಾಗುವಂಥವು. ಇವುಗಳಲ್ಲಿ ಹಲವನ್ನು ನಾವೂ ನಂಬಿದ್ದವರೇ.

ನೀರಿನ ದಂಡೆಯ ಊರು, ಅಲ್ಲಿನ ಮೂಲಜನ, ನೋಡಲು ಬರುವ ಪ್ರವಾಸಿಗರು ಎಂದಾಗ ಜಗತ್ತು ನ್ಯೂಜಿಲೆಂಡಿನ ರೊಟೊರುವಾವನ್ನು ಉದಾಹರಿಸುತ್ತದೆ. ಅಲ್ಲಿ ಸರೋವರವಿದೆ, ನೆಲದಿಂದ ಚಿಮ್ಮುವ ಬಿಸಿನೀರಿದೆ, ಮಾವೊರಿ ಜನರ ಬದುಕಿದೆ. ನಮ್ಮ ಹಿನ್ನೀರಿನ ಸೀಮೆಗೂ ಆ ಊರಿಗೂ ಹೋಲಿಕೆ ಎಲ್ಲಿದೆ, ಎಲ್ಲಿ ಇಲ್ಲ ಎಂಬುದನ್ನೂ ದಾರಿಯಲ್ಲಿ ನೋಡೋಣ.

ತಪ್ಪು ಕಲ್ಪನೆ: ತುಮರಿ ಒಂದು ದ್ವೀಪ. ಸುತ್ತಲೂ ನೀರು, ಸೇತುವೆ ಆಗುವ ಮೊದಲು ಲಾಂಚ್ ಬಿಟ್ಟರೆ ಬೇರೆ ದಾರಿಯೇ ಇರಲಿಲ್ಲ.

ವಾಸ್ತವ: ಪತ್ರಿಕೆಗಳೇ ದ್ವೀಪ ಎಂದು ಬರೆದು ಬರೆದು ಈ ಮಾತು ಗಟ್ಟಿಯಾಯಿತು. ನಕ್ಷೆ ಬಿಡಿಸಿ ನೋಡಿದರೆ ತುಮರಿ ಇರುವ ಕರೂರು ಹೋಬಳಿಗೆ ನೀರು ಅಡ್ಡವಾಗಿರುವುದು ಸಾಗರದ ದಿಕ್ಕಿಗೆ. ಪಶ್ಚಿಮಕ್ಕೆ ನೆಲವೇ ಇದೆ. ಕೋಗಾರಿನ ಮೇಲೆ ಭಟ್ಕಳಕ್ಕೆ ಇಳಿಯಬಹುದು, ನಾಗೋಡಿ–ನಿಟ್ಟೂರಿನ ಕಡೆಯಿಂದ ಕೊಲ್ಲೂರಿಗೆ ಹೋಗಬಹುದು. ಕಷ್ಟವಿದ್ದದ್ದು ಬೇರೆ ಕಡೆ. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಅಡಿಕೆ ಮಂಡಿ ಎಲ್ಲ ಇರುವುದು ಸಾಗರದಲ್ಲಿ. ಕಣ್ಣೆದುರು ಕಾಣುವ ಆಚೆ ದಡಕ್ಕೆ ರಸ್ತೆಯಲ್ಲಿ ಹೋಗಬೇಕೆಂದರೆ 80 ಕಿಲೋಮೀಟರ್ ಆಸುಪಾಸಿನ ಸುತ್ತು. ಅದಕ್ಕೇ ಅಲ್ಲಿನವರು ದ್ವೀಪದವರಂತೆ ಬದುಕಬೇಕಾಯಿತು. ಭೂಗೋಳ ಮಾಡದ ದ್ವೀಪವನ್ನು ಅಣೆಕಟ್ಟು ಮಾಡಿತು.

ತಪ್ಪು ಕಲ್ಪನೆ: ಇದೊಂದು ನೈಸರ್ಗಿಕ ಸರೋವರ. ಜನವಸತಿಯಿಲ್ಲದ ಕಾಡಿನ ನಡುವೆ ತಾನಾಗಿ ನಿಂತ ನೀರು.

ವಾಸ್ತವ: ರೊಟೊರುವಾ ಸರೋವರ ಜ್ವಾಲಾಮುಖಿ ಕುಸಿದ ಕುಳಿಯಲ್ಲಿ ನಿಂತ ನೀರು, ನಿಸರ್ಗದ್ದೇ ಕೆಲಸ. ನಮ್ಮದು ಹಾಗಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಗೆ ಮೊದಲು ಅಡ್ಡ ನಿಂತದ್ದು ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು. ಜೋಗದ ಬುಡದ ವಿದ್ಯುದಾಗಾರಕ್ಕೆ ನೀರು ಕೊಡಲು ಕಟ್ಟಿದ ಅದು 1948ರ ಹೊತ್ತಿಗೆ ಸಿದ್ಧವಾಯಿತು. 1964ರಲ್ಲಿ ಕೆಳಗಡೆ ಲಿಂಗನಮಕ್ಕಿ ಎದ್ದಾಗ ಹಿರೇಭಾಸ್ಕರ ಅಣೆಕಟ್ಟೇ ನೀರಿನೊಳಗೆ ಹೋಯಿತು. ಮಳೆ ಕೈಕೊಟ್ಟು ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದರ ಮೈ ಇಂದಿಗೂ ಹೊರಗೆ ಕಾಣುತ್ತದೆ. ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಸಂಗ್ರಹ 150 ಟಿಎಂಸಿಗೂ ಹೆಚ್ಚು. ಅಷ್ಟು ನೀರು ನಿಂತದ್ದು ಬರಿ ಕಾಡಿನ ಮೇಲಲ್ಲ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳ ಗದ್ದೆ, ತೋಟ, ಮನೆ, ದೇವಸ್ಥಾನ, ಸಂತೆಮಾಳಗಳ ಮೇಲೆ. ಅಡಿಕೆ ತೋಟವಿದ್ದವರೂ ಗೇಣಿ ಮಾಡುತ್ತಿದ್ದವರೂ ಒಟ್ಟಿಗೆ ಎದ್ದು ಹೊರಟರು. ಮಡೆನೂರಿನ ನೀರಿಗೆ ಒಮ್ಮೆ ಎದ್ದವರಲ್ಲಿ ಕೆಲವರು ಲಿಂಗನಮಕ್ಕಿಯ ನೀರಿಗೆ ಎರಡನೇ ಸಲ ಏಳಬೇಕಾಯಿತು.

ಈ ಕಡೆಯವರು ಇಂದಿಗೂ ಕಾಲವನ್ನು ಮುಳುಗಡೆಗೆ ಮೊದಲು, ಮುಳುಗಡೆ ಆದಮೇಲೆ ಎಂದು ಎಣಿಸುತ್ತಾರೆ. ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿಯಲ್ಲಿದ್ದ ನಾ. ಡಿಸೋಜ ಈ ಸಂಕಟವನ್ನು ಹತ್ತಿರದಿಂದ ಕಂಡು 'ಮುಳುಗಡೆ', 'ದ್ವೀಪ' ಕಾದಂಬರಿಗಳನ್ನು ಬರೆದರು. 'ದ್ವೀಪ'ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು; ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಹೊರಡುವ ಮೊದಲು ಅದನ್ನೊಮ್ಮೆ ನೋಡಿ ಬಂದರೆ ದಂಡೆಯಲ್ಲಿ ನಿಂತಾಗ ಕಾಣುವುದೇ ಬೇರೆ.

ತಪ್ಪು ಕಲ್ಪನೆ: ಮುಳುಗಡೆಯವರಿಗೆ ಸರ್ಕಾರ ಆಗಲೇ ಜಮೀನು ಕೊಟ್ಟಿದೆ. ಆ ಕತೆ ಮುಗಿದು ಅರವತ್ತು ವರ್ಷವಾಯಿತು.

ವಾಸ್ತವ: ಮುಗಿದಿಲ್ಲ. ಅಂದು ಬಹಳ ಕುಟುಂಬಗಳನ್ನು ಲಾರಿಗಳಲ್ಲಿ ತಂದು ಜಿಲ್ಲೆಯ ಬೇರೆ ಬೇರೆ ಕಡೆ ಕಾಡಿನಲ್ಲಿ ಇಳಿಸಿದರು. ಅವರು ಮರ ಕಡಿದು, ನೆಲ ಹಸನು ಮಾಡಿ ಗದ್ದೆ ಮಾಡಿಕೊಂಡರು. ಕಡತದಲ್ಲಿ ಮಾತ್ರ ಆ ನೆಲ ಅರಣ್ಯವಾಗಿಯೇ ಉಳಿಯಿತು. ಅರಣ್ಯ ಕಾಯ್ದೆಗಳು ಬಿಗಿಯಾದ ಮೇಲೆ ಹಕ್ಕುಪತ್ರದ ವಿಷಯ ಕಚೇರಿಯಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ದೆಹಲಿಗೆ ಅಲೆಯುತ್ತಲೇ ಇದೆ. ಮೂರನೇ ತಲೆಮಾರಿನವರೂ ಇಂದು ಶಿವಮೊಗ್ಗದಲ್ಲಿ ಧರಣಿ ಕೂರುತ್ತಾರೆ. ರೊಟೊರುವಾ ಸುತ್ತಿನ ಟೆ ಅರಾವಾ ಮಾವೊರಿಗಳ ವಿಷಯ ಇಲ್ಲಿ ನೆನಪಾಗುತ್ತದೆ. ಅವರ ಸರೋವರಗಳ ಒಡೆತನದ ವ್ಯಾಜ್ಯವೂ ಬಹುಕಾಲ ಎಳೆದಿತ್ತು. 2006ರ ಕಾಯ್ದೆಯೊಂದರಿಂದ 13 ಸರೋವರಗಳ ತಳದ ನೆಲ ಮರಳಿ ಅವರ ಹೆಸರಿಗಾಯಿತು. ಎರಡೂ ಪ್ರಕರಣ ಒಂದೇ ಅಲ್ಲ. ಆದರೂ ನೀರಿನ ಅಂದ ನೋಡಲು ಬಂದವರು ಆ ನೀರಿಗಾಗಿ ನೆಲ ಬಿಟ್ಟವರ ಕೈಯಲ್ಲಿ ಕಾಗದವಿಲ್ಲ ಎಂಬುದನ್ನು ತಿಳಿದಿರಬೇಕು. ಇಲ್ಲಿ ಹುಟ್ಟುವ ಕರೆಂಟು ನಮ್ಮೆಲ್ಲರ ಮನೆಯಲ್ಲೂ ಉರಿಯುತ್ತಿದೆ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯವೇ 1035 ಮೆಗಾವಾಟ್.

ತಪ್ಪು ಕಲ್ಪನೆ: ಚಳಿಗಾಲದ ಬೆಳಿಗ್ಗೆ ಹಿನ್ನೀರಿನಿಂದ ಹೊಗೆ ಏಳುತ್ತದೆ. ಹಾಗಾದರೆ ಅಡಿಯಲ್ಲಿ ಬಿಸಿನೀರಿನ ಬುಗ್ಗೆ ಇರಲೇಬೇಕು.

ವಾಸ್ತವ: ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಡಿಸೆಂಬರಿನ ಮುಂಜಾನೆ ಗಾಳಿ ಬೇಗ ತಣ್ಣಗಾಗಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಮೇಲೇಳುವ ಆವಿ ತಣ್ಣನೆ ಗಾಳಿಗೆ ತಾಗಿ ಮಂಜಾಗುತ್ತದೆ. ಬಾವಿಯ ನೀರು ಚಳಿಗಾಲದಲ್ಲಿ ಬಿಸಿ ಎನಿಸುವುದೂ ಇದೇ ಲೆಕ್ಕ. ಕರ್ನಾಟಕದಲ್ಲಿ ನಿಜವಾದ ಬೆಚ್ಚನೆಯ ಬುಗ್ಗೆ ನೋಡಬೇಕೆಂದರೆ ಘಟ್ಟ ಇಳಿದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರ್ ತೀರ್ಥಕ್ಕೆ ಹೋಗಬೇಕು. ಅಲ್ಲೂ ಜ್ವಾಲಾಮುಖಿಯೇನಿಲ್ಲ. ನೆಲದಾಳಕ್ಕೆ ಹೋದಂತೆ ಕಿಲೋಮೀಟರಿಗೆ ಸುಮಾರು 25ರಿಂದ 30 ಡಿಗ್ರಿಯಷ್ಟು ಬಿಸಿ ಏರುತ್ತದೆ. ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದ ನೀರು ಆ ಕಾವು ಹೊತ್ತು ಮೇಲೆ ಬರುತ್ತದೆ.

ತಪ್ಪು ಕಲ್ಪನೆ: ಹಿನ್ನೀರು ಹರಿಯುವ ಹೊಳೆಯಲ್ಲ, ನಿಂತ ನೀರು. ಅಲೆಯಿಲ್ಲ, ಸೆಳವಿಲ್ಲ. ಈಜು ಬಾರದವರೂ ದಡದಲ್ಲಿ ಧೈರ್ಯವಾಗಿ ಇಳಿಯಬಹುದು.

ವಾಸ್ತವ: ಇದನ್ನು ದಯವಿಟ್ಟು ನಂಬಬೇಡಿ. ಕೆರೆಗೆ ಏರಿ ಇದೆ, ಕಲ್ಯಾಣಿಗೆ ಮೆಟ್ಟಿಲಿದೆ; ಹಿನ್ನೀರಿಗೆ ಎರಡೂ ಇಲ್ಲ. ಇಲ್ಲಿ ಮುಳುಗಿರುವುದು ಗುಡ್ಡಬೆಟ್ಟದ ನಾಡು. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವರ ಮುಂದಿನ ಹೆಜ್ಜೆಗೆ ಹಳೆಯ ಕಣಿವೆಯ ಅಂಚು ಸಿಗಬಹುದು. ನೀರಿನಡಿಯಲ್ಲಿ ಮನೆಯ ಪಂಚಾಂಗ, ಬಾವಿ, ತೋಟದ ಅಗಳ, ಮರದ ಬೊಡ್ಡೆಗಳಿವೆ. ಮಳೆಗಾಲ ಕಳೆದ ಮೇಲೆ ವಿದ್ಯುತ್ತಿಗೆ ನೀರು ಬಿಟ್ಟಂತೆ ಮಟ್ಟ ಇಳಿಯುತ್ತಾ ಹೋಗುತ್ತದೆ. ಹೋದ ತಿಂಗಳು ನೀರಿದ್ದ ಜಾಗದಲ್ಲಿ ಮೇಲೆ ಒಣಗಿದಂತೆ ಕಾಣುವ ಪದರವಿರುತ್ತದೆ, ಅಡಿಯಲ್ಲಿ ತೊಡೆಮಟ್ಟದ ಕೆಸರು. ಕಾಲು ಹೂತರೆ ಈಜು ಬಂದರೂ ಪ್ರಯೋಜನವಿಲ್ಲ. ಹಿನ್ನೀರಿನಲ್ಲೇ ಹುಟ್ಟಿ ಬೆಳೆದು ತೆಪ್ಪ ನಡೆಸುವವರೂ ಗಾಳಿ ಎದ್ದರೆ ನೀರಿಗಿಳಿಯುವುದಿಲ್ಲ. ನೀರಿನಲ್ಲಿ ಆಡಲೇಬೇಕು ಎನ್ನುವವರಿಗೆ ಹೊನ್ನೆಮರಡುವಿನಂಥ ಕಡೆ ತರಬೇತಾದವರಿದ್ದಾರೆ. ಅಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಇಳಿಯಿರಿ. ರೆಸಾರ್ಟಿನ ಹಿಂದಿನ ದಂಡೆ, ಸಂಜೆಯ ಹೊತ್ತು, ಕುಡಿದ ಗೆಳೆಯರು ಎಂಬ ಮೂರೂ ಒಟ್ಟಿಗೆ ಸೇರುವುದು ಬೇಡ.

ತಪ್ಪು ಕಲ್ಪನೆ: ಮಂಗನ ಕಾಯಿಲೆ ಮಂಗ ಕಚ್ಚಿದರೆ ಬರುತ್ತದೆ. ಊರಿನಲ್ಲಿ ಒಬ್ಬರಿಗೆ ಬಂದರೆ ಎಲ್ಲರಿಗೂ ಹರಡುತ್ತದೆ. ಹಾಗಾಗಿ ಸಾಗರ, ತೀರ್ಥಹಳ್ಳಿ ಕಡೆ ಕಾಲಿಡುವುದೇ ಬೇಡ.

ವಾಸ್ತವ: ಮೂರೂ ತಪ್ಪು, ಆದರೆ ಕಾಯಿಲೆಯನ್ನು ಹಗುರವಾಗಿ ಕಾಣುವುದು ನಾಲ್ಕನೇ ತಪ್ಪು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತಾಗ ಈ ವೈರಸ್ ಪತ್ತೆಯಾಯಿತು. ಹರಡುವುದು ಉಣುಗು. ಮಂಗವೂ ನಮ್ಮಂತೆಯೇ ಕಾಯಿಲೆಗೆ ಬಲಿಯಾಗುವ ಪ್ರಾಣಿ. ಸತ್ತ ಮಂಗದ ಮೈಯಿಂದ ಉಣುಗುಗಳು ಸುತ್ತಲಿನ ತರಗೆಲೆಗೆ ಇಳಿಯುತ್ತವೆ, ಅಲ್ಲಿ ಓಡಾಡಿದವರ ಮೈಗೆ ಹತ್ತುತ್ತವೆ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ. ರೋಗಿಯ ಮನೆಯಲ್ಲಿ ನೀರು ಕುಡಿದರೆ, ಪಕ್ಕದಲ್ಲಿ ಕೂತರೆ ಏನೂ ಆಗದು. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಆ ಊರಿನವರನ್ನು ಕಂಡರೆ ದೂರ ಸರಿಯುವಷ್ಟು ಭಯ ಹಬ್ಬಿತ್ತು. ಕಾಯಿಲೆಯ ನೋವಿನ ಮೇಲೆ ಇದೊಂದು ನೋವು.

ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ. ಆ ತಿಂಗಳುಗಳಲ್ಲಿ ಬರುವವರು ರಸ್ತೆ, ದಂಡೆ, ದೇವಸ್ಥಾನಗಳಲ್ಲಿ ಓಡಾಡಲು ಹೆದರಬೇಕಿಲ್ಲ. ಕಾಡಿನೊಳಗೆ ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ತುಂಬುತೋಳಿನ ಬಟ್ಟೆ ಹಾಕಿ. ಆರೋಗ್ಯ ಕೇಂದ್ರಗಳಲ್ಲಿ ಸಿಗುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಳ್ಳಿ. ವಾಪಸು ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲೇ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಹಿಂದೆ ಕೊಡುತ್ತಿದ್ದ ಲಸಿಕೆ ಈಗ ಬಳಕೆಯಲ್ಲಿಲ್ಲ, ಅದನ್ನು ನೆಚ್ಚಬೇಡಿ. ಊರಿಗೆ ಮರಳಿ ವಾರದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಮಲೆನಾಡಿಗೆ ಹೋಗಿದ್ದೆ ಎಂದು ತಪ್ಪದೆ ಹೇಳಿ. ಬೆಂಗಳೂರಿನ ವೈದ್ಯರಿಗೆ ಅದು ತಾನಾಗಿ ಹೊಳೆಯಲಿಕ್ಕಿಲ್ಲ.

ಉಂಬಳದ ಬಗ್ಗೆ ಕೇಳುವವರಿಗೆ ಒಂದೇ ಮಾತು: ಅದರಿಂದ ಈ ಕಾಯಿಲೆ ಬರುವುದಿಲ್ಲ, ಅದಕ್ಕೆ ವಿಷವೂ ಇಲ್ಲ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಬಿಡುತ್ತದೆ.

ತಪ್ಪು ಕಲ್ಪನೆ: ಇಲ್ಲಿನ ಮನೆಗಳ ಗೋಡೆಯ ಮೇಲೆ ಕಾಣುವುದು ವಾರ್ಲಿ ಚಿತ್ರ. ಮಹಾರಾಷ್ಟ್ರದಿಂದ ಬಂದ ಅಲಂಕಾರ.

ವಾಸ್ತವ: ಈ ಗೊಂದಲಕ್ಕೆ ಕಾರಣವುಂಟು. ಎರಡೂ ಕೆಂಪು ನೆಲದ ಮೇಲೆ ಬಿಳಿ ಗೆರೆ, ಎರಡರಲ್ಲೂ ಮದುವೆಯ ಚೌಕವೇ ಮುಖ್ಯ. ಆದರೆ ಪಕ್ಕಪಕ್ಕ ಇಟ್ಟು ನೋಡಿದರೆ ಸಂಶಯ ಉಳಿಯದು. ವಾರ್ಲಿಯಲ್ಲಿ ತ್ರಿಕೋನದ ಮೈಯ ಜನ ಕುಣಿಯುತ್ತಾರೆ, ಬೇಟೆಯಾಡುತ್ತಾರೆ, ಗೋಡೆ ತುಂಬ ಓಡಾಟವಿರುತ್ತದೆ. ಇಲ್ಲಿನ ಗೋಡೆಗಳ ಮೇಲಿರುವುದು ಹಸೆ ಚಿತ್ತಾರ; ಈ ಸೀಮೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಬರೆಯುವ ಅದರಲ್ಲಿ ಮನುಷ್ಯರು ಕಡಿಮೆ, ಎಳೆಗಳು ಹೆಚ್ಚು. ನಡುವೆ ಸಣ್ಣದಾಗಿ ಮದುಮಗ–ಮದುಮಗಳು. ಅವರ ಸುತ್ತ ಎಳೆಯ ಮೇಲೆ ಎಳೆ, ಅಡ್ಡ, ಉದ್ದ, ಓರೆ, ಒಂದಕ್ಕೊಂದು ಹೆಣೆದು ಚೌಕದ ಹೊರಗೆ ಮತ್ತೊಂದು ಚೌಕ.

ಬರೆಯುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸುತ್ತಾರೆ. ನೆನೆಸಿದ ಅಕ್ಕಿ ನುಣ್ಣಗೆ ಅರೆದರೆ ಬಿಳಿ, ಅಕ್ಕಿಯನ್ನೇ ಕರ್ರಗೆ ಹುರಿದು ಅರೆದರೆ ಕಪ್ಪು, ಗುರಿಗೆಯಿಂದ ಹಳದಿ. ಕುಂಚವೆಂದರೆ ಪುಂಡಿನಾರು. ಅದನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ಒರಗಿಸಿ ಉಸಿರು ಬಿಗಿಹಿಡಿದು ಎಳೆಯುತ್ತಾರೆ. ಅಳತೆಗೋಲಿಲ್ಲ, ಆದರೂ ಮೊಳದುದ್ದದ ಗೆರೆ ಎಲ್ಲೂ ನಡುಗುವುದಿಲ್ಲ. ಅಮ್ಮನ ಕೈ ನೋಡಿ ಮಗಳು ಕಲಿತದ್ದು. ಗೆರೆ ಮೂಡುವಾಗ ಹಾಡೂ ಜೊತೆಗಿರುತ್ತದೆ. ಮನೆಗೆ ಒಂದನ್ನು ಕೊಳ್ಳಬೇಕೆಂದರೆ ಇಲ್ಲಿ ಬರೆಯುವವರಿಂದಲೇ ಕೊಳ್ಳಿ, ಅವರು ಹೇಳಿದ ಬೆಲೆ ಕೊಡಿ. ಸಾಗರ ಪೇಟೆಯಲ್ಲೂ ಯಂತ್ರದಲ್ಲಿ ಅಚ್ಚಾದ ವಾರ್ಲಿ ಸಿಗುತ್ತದೆ, ಅದಕ್ಕಾಗಿ ಇಷ್ಟು ದೂರ ಬರಬೇಕಿಲ್ಲ.

ತಪ್ಪು ಕಲ್ಪನೆ: ಸಂಸ್ಕೃತಿ ಎಂದರೆ ಪ್ರದರ್ಶನ. ಕೇಳಿದ ದಿನ, ಕೇಳಿದ ಹೊತ್ತಿಗೆ ಊರವರು ಹಾಡಿ ಕುಣಿದು ತೋರಿಸಬೇಕು. ರೊಟೊರುವಾದಲ್ಲಿ ಹಾಗೆಯೇ ಅಲ್ಲವೇ?

ವಾಸ್ತವ: ರೊಟೊರುವಾದಲ್ಲಿ ದಿನವೂ ಪ್ರದರ್ಶನ ನಡೆಯುವುದು ನಿಜ. ಆದರೆ ಅದರ ಹಿಂದಿನ ಕತೆ ತಿಳಿಯಬೇಕು. 1886ರ ಜೂನ್ 10ರಂದು ತರವೇರಾ ಬೆಟ್ಟ ಸಿಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಪ್ರವಾಸಿಗರು ನೋಡಲು ಬರುತ್ತಿದ್ದ ಗುಲಾಬಿ ಮತ್ತು ಬಿಳಿ ಶಿಲಾ ಸೋಪಾನಗಳು ಹುಗಿದುಹೋದವು. ನೆಲೆ ಕಳೆದುಕೊಂಡ ತೂಹೌರಂಗಿ ಜನ ಫಕಾರೆವಾರೆವಾ ಎಂಬ ಬಿಸಿಬುಗ್ಗೆಗಳ ಹಳ್ಳಿಗೆ ಬಂದು ನೆಲೆಸಿದರು, ಅಲ್ಲಿಯೂ ತಾವೇ ಮಾರ್ಗದರ್ಶಕರಾದರು. ತಮ್ಮ ಊರನ್ನು ಹೇಗೆ ತೋರಿಸಬೇಕು, ಏನನ್ನು ತೋರಿಸಬಾರದು ಎಂಬ ತೀರ್ಮಾನ ಅವರ ಕೈಯಲ್ಲಿತ್ತು. ಆ ಹಳ್ಳಿಯಲ್ಲಿ ಇಂದಿಗೂ ಜನ ವಾಸವಾಗಿದ್ದಾರೆ, ನೆಲದ ಹಬೆಯಲ್ಲೇ ಅಡುಗೆ ಬೇಯಿಸುತ್ತಾರೆ.

ನಮ್ಮಲ್ಲಿ ಆಚರಣೆ ಕ್ಯಾಲೆಂಡರಿಗೆ ಅಂಟಿದೆ. ದೀವರ ಭೂಮಿ ಹುಣ್ಣಿಮೆ ಬರುವುದು ಆಶ್ವಯುಜದಲ್ಲಿ, ಭತ್ತ ಹೊಡೆಯಾಗಿರುವಾಗ. ಬಸುರಿಗೆ ಬಯಕೆ ಬಡಿಸುವಂತೆ ಭೂಮಿಗೆ ಬಡಿಸುವ ಹಬ್ಬ ಅದು. ದಿನಗಳ ಮೊದಲೇ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಚಿತ್ತಾರ ಬರೆದಿಟ್ಟಿರುತ್ತಾರೆ. ದೊಡ್ಡದೊಂದು, ಸಣ್ಣದೊಂದು. ಹಿಂದಿನ ರಾತ್ರಿಯಿಡೀ ಹೆಂಗಸರು ನಿದ್ದೆಗೆಟ್ಟು ಬೆರಕೆಸೊಪ್ಪು, ಕಡುಬು ಬೇಯಿಸುತ್ತಾರೆ. ಬೆಳಕು ಹರಿಯುವ ಮೊದಲು ಗಂಡಸರು ಗದ್ದೆಯಲ್ಲಿ ಚರಗ ಬೀರುತ್ತಾರೆ. ದೀಪಾವಳಿಯಲ್ಲಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ರಾತ್ರಿಯಿಡೀ ಮನೆಮನೆಗೆ ಹಾಡುತ್ತ ಬರುತ್ತಾರೆ. ಆ ದಿನಗಳಲ್ಲಿ ಬಂದು, ಪರಿಚಯದ ಮನೆಯವರನ್ನು ಕೇಳಿ, ಬನ್ನಿ ಎಂದರೆ ಹೋಗಿ ಕೂರಿ. ಏಪ್ರಿಲ್ ತಿಂಗಳಲ್ಲಿ ಬಂದು ಬುಟ್ಟಿ ಹೊತ್ತು ನಿಲ್ಲಿ, ಫೋಟೋ ತೆಗೆಯುತ್ತೇವೆ ಎನ್ನಬೇಡಿ. ಬೇರೆ ಕಾಲದಲ್ಲಿ ಬಂದವರಿಗೆ ಇಕ್ಕೇರಿಯ ಅಘೋರೇಶ್ವರ, ಕೆಳದಿ, ಹೊಸನಗರದ ಬಿದನೂರು ಕೋಟೆ, ತೀರ್ಥಹಳ್ಳಿಯ ಕವಲೇದುರ್ಗಗಳಿವೆ. ಹೆಗ್ಗೋಡಿನ ನೀನಾಸಂನಲ್ಲಿ ನಾಟಕವಿದ್ದರೆ ಆ ಸಂಜೆ ಅಲ್ಲೇ ಕಳೆಯಬಹುದು.

ತಪ್ಪು ಕಲ್ಪನೆ: ಸಿಗಂದೂರು ದೇವಿಯ ಕಾವಲಿದೆ ಎಂಬ ಬೋರ್ಡು ಇದ್ದರೆ ಅಲ್ಲಿ ಕಳ್ಳತನವಾಗದು. ದೇವಿಗೆ ದೂರು ಕೊಟ್ಟರೆ ಕದ್ದವರಿಗೆ ಕೂಡಲೇ ಕೇಡು ತಟ್ಟುತ್ತದೆ.

ವಾಸ್ತವ: ಅಡಿಕೆ ತೋಟದ ಬೇಲಿಯಲ್ಲಿ, ಹೊಸ ಮನೆಯ ಗೋಡೆಯಲ್ಲಿ, ದೂರದ ಜಿಲ್ಲೆಗಳಲ್ಲೂ ಆ ಬೋರ್ಡು ಕಾಣುತ್ತದೆ. ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದರೆ ಅದು ಕೆಲಸ ಮಾಡುವ ಬಗೆ ಅರ್ಥವಾಗದು. ತೋಟದ ಯಜಮಾನನೂ ಕೈಹಾಕಲು ಬಂದವನೂ ಒಂದೇ ದೇವಿಗೆ ಹೆದರುವವರಾದರೆ ಬೋರ್ಡು ನಿಜಕ್ಕೂ ತಡೆಯುತ್ತದೆ. ಎಷ್ಟೋ ಊರುಗಳಲ್ಲಿ ಕಳೆದ ವಸ್ತು ಮರುದಿನ ಜಗಲಿಯ ಮೇಲೆ ಬಂದು ಕೂತ ಕತೆಗಳಿವೆ. ತಡೆಯುವುದು ಹಂಚಿಕೊಂಡ ನಂಬಿಕೆ. ಅದನ್ನು ಹಂಚಿಕೊಳ್ಳದವನಿಗೆ ಬೋರ್ಡು ಬರಿಯ ತಗಡು. ಹಾಗಾಗಿ ಕಾರನ್ನು ಬೀಗ ಹಾಕದೆ ಬಿಡಬೇಡಿ, ಕಳವಾದರೆ ಪೊಲೀಸರಿಗೆ ದೂರು ಕೊಡಿ. ಇನ್ನು ಕೇಡಿನ ಮಾತು. ಯಾರದೋ ಮನೆಯಲ್ಲಿ ಕಾಯಿಲೆ ಬಿತ್ತು, ಹಾಗಾದರೆ ಅವರೇ ಕದ್ದಿರಬೇಕು ಎಂದು ತಿರುವಿ ಓದುವುದು ಅನ್ಯಾಯ. ಕಾಯಿಲೆ ಕಳ್ಳರಿಗೂ ಬರುತ್ತದೆ, ಸಾಚಾ ಮನುಷ್ಯರಿಗೂ ಬರುತ್ತದೆ.

ತಪ್ಪು ಕಲ್ಪನೆ: ಜೋಗ ವರ್ಷವಿಡೀ ಪೋಸ್ಟರಿನಲ್ಲಿದ್ದಂತೆ ಧುಮ್ಮಿಕ್ಕುತ್ತದೆ.

ವಾಸ್ತವ: ನೀರು ಮೇಲೆ ಲಿಂಗನಮಕ್ಕಿಯಲ್ಲಿ ನಿಂತು ವಿದ್ಯುದಾಗಾರಕ್ಕೆ ಹೋಗುತ್ತದೆ. ಜೋಗ ಮೈದುಂಬುವುದು ಮಳೆಗಾಲದಲ್ಲಿ, ಅದರಲ್ಲೂ ಅಣೆಕಟ್ಟು ತುಂಬಿ ಗೇಟು ತೆರೆದಾಗ. ಜುಲೈಯಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಮಾರ್ಚಿನಲ್ಲಿ ಬಂದು ಬೇಸರಪಟ್ಟುಕೊಂಡರೆ ತಪ್ಪು ಜೋಗದ್ದಲ್ಲ.

ತಪ್ಪು ಕಲ್ಪನೆ: ಸೇತುವೆ ಕಟ್ಟಿದ್ದು ಭಕ್ತರಿಗಾಗಿ, ಪ್ರವಾಸಿಗರಿಗಾಗಿ. ಈಗ ಅದೇ ಒಂದು ನೋಡುವ ಜಾಗ.

ವಾಸ್ತವ: ಎರಡು ಕಿಲೋಮೀಟರಿಗೂ ಮೀರಿದ, ಕೇಬಲ್‌ಗಳಿಂದ ತೂಗುವ ಆ ಸೇತುವೆ ನೋಡಲು ಚೆನ್ನಾಗಿದೆ, ನಿಜ. ಆದರೆ ಅದಕ್ಕಾಗಿ ದಶಕಗಳ ಕಾಲ ಕೇಳಿದವರು, ಹೋರಾಡಿದವರು ಕರೂರು ಹೋಬಳಿಯ ಜನ. ಸಂಜೆಯ ಕೊನೆಯ ಲಾಂಚ್ ಹೋದ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ, ಎದೆ ಹಿಡಿದರೆ ಸಾಗರ ಮುಟ್ಟಲು ಆ ಸುತ್ತುದಾರಿಯೊಂದೇ ಇತ್ತು. ರಜಾದಿನಗಳಲ್ಲಿ ಪ್ರವಾಸಿಗರ ವಾಹನಗಳ ಸಾಲು ಬೆಳೆದರೆ ಊರವರು ತಮ್ಮದೇ ಊರಿಗೆ ಹೋಗಲು ಸರದಿ ಕಾಯಬೇಕಿತ್ತು. ಬೇಸಿಗೆಯಲ್ಲಿ ನೀರು ಇಳಿದರೆ ಲಾಂಚಿಗೆ ವಾಹನ ಹತ್ತಿಸುವುದೇ ನಿಲ್ಲುತ್ತಿತ್ತು. ಈಗ ಶಾಲೆಯ ಮಕ್ಕಳು, ಹಾಲಿನ ಕ್ಯಾನು, ಅಡಿಕೆ ಮೂಟೆ, ಆಂಬುಲೆನ್ಸು ಎಲ್ಲ ಸಾಗುವುದು ಅದೇ ಸೇತುವೆಯ ಮೇಲೆ. ನಡುವೆ ಕಾರು ನಿಲ್ಲಿಸಿ, ಬಾಗಿಲು ತೆರೆದಿಟ್ಟು, ರಸ್ತೆಗೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರು ಒಮ್ಮೆ ಹಿಂದೆ ಬರುತ್ತಿರುವ ವಾಹನದೊಳಗೆ ಯಾರಿದ್ದಾರೆ ಎಂದು ಯೋಚಿಸಲಿ. ಫೋಟೋ ಬೇಕಾದರೆ ಸೇತುವೆ ದಾಟಿ ದಡದಲ್ಲಿ ಗಾಡಿ ನಿಲ್ಲಿಸಿ, ನಡೆದು ಬಂದು ತೆಗೆದುಕೊಳ್ಳಬಹುದು.